ಲಾವ್ರಿನೆಂಕೊ ಹಾಗೆ ಹೇಳಲಿಲ್ಲ, ತಮ್ಮಾ

ಪ್ರೀತಿಯ ತಮ್ಮನಿಗೆ,

ನಿನ್ನ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಜೊತೆಗಿಟ್ಟಿದ್ದ ಕಾಗದವನ್ನೂ ಓದಿದೆ. ಎರಡು ಪತ್ರಿಕೆಯವರು ವಾಪಸ್ ಕಳಿಸಿದರು, ಮೂರನೆಯವರು ಉತ್ತರವನ್ನೇ ಕೊಡಲಿಲ್ಲ, ಇನ್ನು ಬರೆಯೋದೇ ಬೇಡ ಅನ್ನಿಸಿದೆ ಅಂದಿದ್ದೀಯ. ಓದಿ ಸಂಕಟವಾಯಿತು. ಸಿಟ್ಟೂ ಬಂತು. ಎರಡನೇ ಮಹಾಯುದ್ಧದಲ್ಲಿ ಕಾದಾಡಿದ, ಎಲ್ಲೋ ರಷ್ಯಾದ ಲಾವ್ರಿನೆಂಕೊ ಅನ್ನುವ ಒಬ್ಬ ಟ್ಯಾಂಕ್ ಕಮಾಂಡರನ ಬೆನ್ನು ಹತ್ತಿ ಇಷ್ಟು ದೂರ ಹೋದ ಹುಡುಗ, ಮೂರು ಜನ ಬೇಡ ಅಂದ ತಕ್ಷಣ ಪೆನ್ನು ಕೆಳಗಿಟ್ಟುಬಿಡುವುದಾ?

ಅಧ್ಯಾಯ ಎಷ್ಟು ಉದ್ದ ಇರಬೇಕು, ನಕ್ಷೆ ಹಾಕಬೇಕಾ, ಯಾವ ಪ್ರಕಾಶಕರ ಹತ್ತಿರ ಹೋಗಬೇಕು ಅಂತೆಲ್ಲ ಕೇಳಿದ್ದೀಯ. ಅದಕ್ಕೆಲ್ಲ ಉತ್ತರ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ನಿನ್ನ ಹತ್ತಿರ ಇರುವುದು ಒಂದೇ ಜಗಳ. ಅದನ್ನಷ್ಟೇ ಆಡ್ತೀನಿ.

ನಿನ್ನ ಏಳನೇ ಅಧ್ಯಾಯದಲ್ಲಿ ದ್ಮಿತ್ರಿ ಲಾವ್ರಿನೆಂಕೊ ಭಾಷಣ ಮಾಡುತ್ತಾನೆ. 1941ರ ಅಕ್ಟೋಬರ್ 6, ಮ್ತ್ಸೆನ್ಸ್ಕ್ ಊರಿನ ಹತ್ತಿರ, ಜರ್ಮನ್ ಟ್ಯಾಂಕುಗಳು ನುಗ್ಗಿ ಬರುತ್ತಿವೆ. ನಿನ್ನ ಕಮಾಂಡರ್ ತನ್ನ ಟ್ಯಾಂಕಿನೊಳಗೆ ಕೂತು ತಾಯ್ನಾಡು, ರಕ್ತ, ಮುಂದಿನ ಪೀಳಿಗೆ ಅಂತ ಒಂದೂವರೆ ಪುಟ ಮಾತಾಡುತ್ತಾನೆ. ಈ ಮಾತು ನಿನಗೆ ಎಲ್ಲಿ ಸಿಕ್ಕಿತು? ಎಲ್ಲೂ ಸಿಕ್ಕಿಲ್ಲ. ನೀನೇ ಕಟ್ಟಿದ್ದೀಯ.

ಆವತ್ತಿನ ಟಿ-34 ಟ್ಯಾಂಕಿನೊಳಗೆ ಏನು ನಡೆಯುತ್ತಿತ್ತು ಅಂತ ಒಂದು ಸಲ ಯೋಚನೆ ಮಾಡು. ನಾಲ್ಕು ಜನ. ಮುಂದೆ ಕೆಳಗೆ ಡ್ರೈವರ್, ಅವನ ಪಕ್ಕ ಮೆಷಿನ್ ಗನ್ ಹಿಡಿದ ರೇಡಿಯೊದವನು. ಮೇಲೆ, ಇಬ್ಬರು ಕೂತರೆ ಮೈಗೆ ಮೈ ತಾಗುವ ಗೋಪುರದಲ್ಲಿ, ಶೆಲ್ ತುಂಬುವವನು ಮತ್ತು ಕಮಾಂಡರ್. ಕಮಾಂಡರ್ ಅಂದರೆ ಅಪ್ಪಣೆ ಕೊಡುವವನು ಮಾತ್ರ ಅಲ್ಲ. 1941ರ ಟಿ-34ರಲ್ಲಿ ಗುರಿ ಹಿಡಿದು ಫಿರಂಗಿ ಹಾರಿಸುವವನೂ ಅವನೇ. ಶತ್ರುವನ್ನು ಹುಡುಕಬೇಕು, ದೂರ ಅಂದಾಜು ಮಾಡಬೇಕು, ಹೊಡೆಯಬೇಕು, ಜೊತೆಯ ಟ್ಯಾಂಕುಗಳು ಎಲ್ಲಿವೆ ಅಂತಲೂ ನೋಡಬೇಕು. ಇಂಜಿನ್ನಿನ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳುವುದಿಲ್ಲ. ಹೆಡ್‌ಫೋನ್ ಇತ್ತು, ಆದರೆ ಅದನ್ನು ನಂಬುವ ಹಾಗಿರಲಿಲ್ಲ. ಹಾಗಾಗಿ ಆ ಕಾಲದ ಟ್ಯಾಂಕಿನವರು ಕಾಲಲ್ಲಿ ಮಾತಾಡುತ್ತಿದ್ದರು. ಕಮಾಂಡರನ ಬೂಟು ಡ್ರೈವರನ ಎಡ ಭುಜ ಒತ್ತಿದರೆ ಎಡಕ್ಕೆ, ಬಲ ಭುಜ ಒತ್ತಿದರೆ ಬಲಕ್ಕೆ. ಶೆಲ್ ತುಂಬುವವನ ಮೂಗಿನ ಮುಂದೆ ಮುಷ್ಟಿ ಹಿಡಿದರೆ ಉಕ್ಕು ಸೀಳುವ ಶೆಲ್ ಹಾಕು ಅಂತ. ಬೆರಳು ಅಗಲಿಸಿದರೆ ಸಿಡಿದು ಚೂರಾಗುವ ಶೆಲ್.

ಇಷ್ಟೇ ಅವರ ಭಾಷೆ. ಒಂದು ಬೂಟು, ಒಂದು ಮುಷ್ಟಿ. ಇದನ್ನು ಬಿಟ್ಟು ನೀನು ಒಂದೂವರೆ ಪುಟ ಭಾಷಣ ಬರೆದಿದ್ದೀಯಲ್ಲ, ಅದಕ್ಕೇ ನನಗೆ ಬೇಜಾರು.

ಆವತ್ತು ನಡೆದದ್ದೇ ಎಷ್ಟು ದೊಡ್ಡದು ನೋಡು. ಕರ್ನಲ್ ಕತುಕೋವ್‌ನ 4ನೇ ಟ್ಯಾಂಕ್ ಬ್ರಿಗೇಡು, ಎದುರಿಗೆ ಜರ್ಮನರ 4ನೇ ಪ್ಯಾಂಜರ್ ಡಿವಿಷನ್. ಪೆರ್ವಿ ವೊಯಿನ್ ಅನ್ನುವ ಹಳ್ಳಿಯ ಹತ್ತಿರ ಕಾಲಾಳುಗಳ ಸಾಲನ್ನು ಜರ್ಮನ್ ಟ್ಯಾಂಕುಗಳು ತುಳಿಯುತ್ತಿದ್ದಾಗ ಲಾವ್ರಿನೆಂಕೊನ ನಾಲ್ಕು ಟ್ಯಾಂಕುಗಳು ಮರೆಯಿಂದ ಹೊರಬಂದವು. ಹೊಡೆದವು, ಮರೆಯಾದವು, ಬೇರೆ ಕಡೆಯಿಂದ ಬಂದು ಮತ್ತೆ ಹೊಡೆದವು. ಇರುವುದು ನಾಲ್ಕೇ ಅಂತ ಎದುರಿನವರಿಗೆ ಗೊತ್ತಾಗಲಿಲ್ಲ. ಜರ್ಮನ್ ಜನರಲ್ ಗುಡೇರಿಯನ್ ಯುದ್ಧ ಮುಗಿದ ಮೇಲೆ ಬರೆದ ನೆನಪುಗಳಲ್ಲಿ ಈ ದಿನದ ಮಾತಿದೆ. ಟಿ-34 ತಮ್ಮ ಟ್ಯಾಂಕುಗಳಿಗಿಂತ ಮೇಲು ಅನ್ನುವುದು ಆವತ್ತು ಕಣ್ಣಿಗೆ ಹೊಡೆಯಿತು, ತುಲಾ ಊರಿನ ಕಡೆ ಬೇಗ ನುಗ್ಗುವ ಯೋಚನೆಯನ್ನು ಸದ್ಯಕ್ಕೆ ಬಿಡಬೇಕಾಯಿತು ಅನ್ನುತ್ತಾನೆ. ಶತ್ರುವೇ ಒಪ್ಪಿಕೊಂಡ ಮೇಲೆ ನಿನ್ನ ಭಾಷಣ ಯಾಕೆ ಬೇಕು?

ಓದುಗರಿಗೆ ರೋಮಾಂಚನ ಆಗಲಿ ಅಂತ ಸೇರಿಸಿದೆ, ಇದರಿಂದ ಯಾರಿಗೇನು ನಷ್ಟ ಅಂತ ಕೇಳ್ತೀಯ. ನಷ್ಟ ಇದೆ, ತಮ್ಮಾ. ಅದೂ ನಿನ್ನ ಲಾವ್ರಿನೆಂಕೊ ಮುಂದಿನ ತಿಂಗಳು ಕಾದಾಡಿದ ಕಡೆಯಲ್ಲೇ, ಆ ವಾರದಲ್ಲೇ ನಡೆದದ್ದು.

1941ರ ನವೆಂಬರ್ 16. ಮಾಸ್ಕೋ ಹತ್ತಿರದ ದುಬೊಸೆಕೊವೊ. ಜನರಲ್ ಪಾನ್ಫಿಲೋವ್‌ನ ಡಿವಿಷನ್ನು ಅಲ್ಲಿ ಜರ್ಮನ್ ಟ್ಯಾಂಕುಗಳನ್ನು ತಡೆಯುತ್ತಿತ್ತು. ಮಾರನೆಯ ದಿನವೇ ಲಾವ್ರಿನೆಂಕೊ ಅದೇ ಡಿವಿಷನ್ನಿನ ಜೊತೆ ಸೇರಿ ಹೋರಾಡಿದ. ಆ ತಿಂಗಳ ಕೊನೆಯಿಂದ ಸೇನೆಯ ಪತ್ರಿಕೆ ಕ್ರಾಸ್ನಾಯಾ ಜ್ವೆಜ್ದಾದಲ್ಲಿ ಒಂದು ಕಥೆ ಬರತೊಡಗಿತು. 28 ಜನ ಸೈನಿಕರು, ಒಬ್ಬನೂ ಉಳಿಯಲಿಲ್ಲ, ಸಾಯುವ ಮೊದಲು ಕ್ಲೊಚ್ಕೋವ್ ಅನ್ನುವ ಅಧಿಕಾರಿ ಹೇಳಿದನಂತೆ: ರಷ್ಯಾ ದೊಡ್ಡದು, ಆದರೆ ಹಿಂದೆ ಸರಿಯಲು ಜಾಗವಿಲ್ಲ, ಬೆನ್ನ ಹಿಂದೆ ಮಾಸ್ಕೋ ಇದೆ. ದೇಶಕ್ಕೆ ದೇಶವೇ ಆ ಮಾತನ್ನು ಬಾಯಿಪಾಠ ಮಾಡಿತು. 28 ಜನರಿಗೂ ಸೋವಿಯತ್ ಒಕ್ಕೂಟದ ವೀರ ಅನ್ನುವ ಬಿರುದು ಸಿಕ್ಕಿತು.

ಆಮೇಲೆ ಸತ್ತವರಲ್ಲಿ ಕೆಲವರು ಬದುಕಿರುವುದು ಗೊತ್ತಾಯಿತು. ಒಬ್ಬನನ್ನು ದೇಶದ್ರೋಹದ ಮೇಲೆ ಬಂಧಿಸಿದಾಗ, 28 ವೀರರಲ್ಲಿ ಅವನೂ ಒಬ್ಬ ಅನ್ನುವುದು ಹೊರಬಿತ್ತು. 1948ರಲ್ಲಿ ಸೇನೆಯ ಪ್ರಾಸಿಕ್ಯೂಟರ್ ತನಿಖೆ ಮಾಡಿಸಿದ. ಕಥೆ ಬರೆದ ಕ್ರಿವಿತ್ಸ್ಕಿಯನ್ನು ಕೇಳಿದರು. ಆ 28 ಜನರ ಭಾವನೆ, ಅವರು ಮಾಡಿದ್ದು ಎಲ್ಲ ತನ್ನದೇ ಸಾಹಿತ್ಯಿಕ ಕಲ್ಪನೆ ಅಂತ ಅವನು ಒಪ್ಪಿಕೊಂಡ. ಆ ವರದಿಯನ್ನು ಬೀಗ ಹಾಕಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ಒಂದು ಪತ್ರಿಕೆಯ ಸುಳ್ಳು ಅಂತ ಬಿಡಬಹುದಿತ್ತು. ಆದರೆ ಆ ಸೈನಿಕರಿದ್ದ ರೆಜಿಮೆಂಟಿನ ಕಮಾಂಡರ್ ಕಪ್ರೋವ್ ತನಿಖೆಯಲ್ಲಿ ಹೇಳಿದ್ದನ್ನು ಕೇಳು. ಆವತ್ತು ಆ ಒಂದು ಕಂಪನಿಯಲ್ಲೇ ಸತ್ತವರು 100ಕ್ಕೂ ಜಾಸ್ತಿ, 28 ಅಲ್ಲ ಅಂದ. ಗೊತ್ತಾಯ್ತಾ? ಕಥೆಗಾರ ವೀರರನ್ನು ಹುಟ್ಟಿಸಿದ, ನಿಜವಾಗಿ ಸತ್ತವರನ್ನು ಮರೆಸಿಬಿಟ್ಟ. ಆ ನೂರು ಜನರಿಗೂ ಮನೆ ಇತ್ತು, ತಾಯಿ ಇದ್ದಳು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಹಳೆಯದು. 1971ರ ಯುದ್ಧದಲ್ಲಿ ತೀರಿಕೊಂಡ ನಮ್ಮ ಕಡೆಯ ಒಬ್ಬ ಸಿಪಾಯಿಯ ಬಗ್ಗೆ ಬರೆದಿದ್ದೆ. ಅವನ ಮನೆಗೆ ಹೋಗಿ, ಅವನ ಕಾಗದಗಳನ್ನು ಓದಿ ಬರೆದದ್ದು. ಒಂದು ವಾರಪತ್ರಿಕೆ ಅದನ್ನು ಅಚ್ಚು ಹಾಕಿತು. ಸಂಪಾದಕರು ನನಗೆ ಒಂದು ಮಾತೂ ಹೇಳದೆ ಕೊನೆಗೆ ಅವನ ಬಾಯಿಂದ ನಾಲ್ಕು ಸಾಲು ಆಡಿಸಿದ್ದರು. ಪ್ರಾಣ ಬಿಡುವಾಗ ದೇಶಕ್ಕೆ ಕೈ ಮುಗಿದು ಹೇಳಿದ ಮಾತು ಅಂತ. ಅವನ ತಾಯಿಗೆ ಓದು ಬರುತ್ತಿರಲಿಲ್ಲ. ಯಾರೋ ಓದಿ ಹೇಳಿದ್ದಾರೆ. ಆಕೆ ನನ್ನನ್ನು ಕರೆಸಿ ಕೇಳಿದರು: "ಅವನು ಹಂಗಂದಿದ್ದನ್ನ ಕೇಳಿದೋರು ಯಾರಪ್ಪ? ಅವರನ್ನ ಒಂದ್ಸಲ ಕರ್ಕೊಂಡು ಬಾ. ಇನ್ನೇನಂದ ಅಂತ ಕೇಳ್ಬೇಕು." ಆ ಸಂಪಾದಕರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮತ್ತೆ ಆ ಪತ್ರಿಕೆಗೆ ಒಂದಕ್ಷರ ಬರೆಯಲಿಲ್ಲ.

ಈಗ ನಿನ್ನ ಹಸ್ತಪ್ರತಿಗೇ ಬರ್ತೀನಿ. ಅದರಲ್ಲಿ ಏನು ಬಿಟ್ಟಿದ್ದೀಯ ಗೊತ್ತಾ? ಸೆರ್ಪುಖೋವ್ ಊರಿನ ಕಟಿಂಗ್ ಶಾಪು!

ಮ್ತ್ಸೆನ್ಸ್ಕ್ ಹೋರಾಟ ಮುಗಿದ ಮೇಲೆ ಬ್ರಿಗೇಡನ್ನು ಮಾಸ್ಕೋದ ಪಶ್ಚಿಮಕ್ಕೆ ಕರೆಸಿಕೊಂಡರು. ಲಾವ್ರಿನೆಂಕೊನ ಒಂದು ಟ್ಯಾಂಕು ಮಾತ್ರ ಬೇರೆ ಸೈನ್ಯದ ಕಚೇರಿಯನ್ನು ಕಾಯಲು ಹಿಂದೆ ಉಳಿಯಿತು. ಆ ಕೆಲಸ ಮುಗಿಸಿ ಬ್ರಿಗೇಡನ್ನು ಸೇರಲು ಹೊರಟ. ದಾರಿಯಲ್ಲಿ ಸೆರ್ಪುಖೋವ್. ಹುಡುಗರು ಗಡ್ಡ ತೆಗೆಸೋಣ ಅಂತ ಕಟಿಂಗ್ ಶಾಪಿಗೆ ಹೋದರು. ಅಲ್ಲಿಗೇ ಸೈನಿಕನೊಬ್ಬ ಓಡಿಬಂದ. ಜರ್ಮನರ ಒಂದು ತುಕಡಿ ಊರಿನ ಕಡೆ ಬರುತ್ತಿದೆ, ತಡೆಯಲು ಇಲ್ಲಿ ಯಾರೂ ಇಲ್ಲ, ಊರಿನ ಕಮಾಂಡೆಂಟ್ ಕರೆಯುತ್ತಿದ್ದಾರೆ ಅಂದ. ಲಾವ್ರಿನೆಂಕೊ ಒಂದೇ ಟ್ಯಾಂಕು ತಗೊಂಡು ಹೋಗಿ ರಸ್ತೆ ಪಕ್ಕ ಹೊಂಚು ಹಾಕಿ ಕೂತ, ಆ ತುಕಡಿಯನ್ನು ಚದುರಿಸಿದ. ಆಮೇಲೆ ಬ್ರಿಗೇಡಿಗೆ ವಾಪಸ್ ಬಂದ. ನಾಲ್ಕು ದಿನ ಸುದ್ದಿಯೇ ಇಲ್ಲದ ಟ್ಯಾಂಕು ಬಂದಾಗ ಅದರ ಹಿಂದೆ ವಶಪಡಿಸಿಕೊಂಡ ಒಂದು ಜರ್ಮನ್ ಬಸ್ಸೂ ಬರುತ್ತಿತ್ತು.

ಎಲ್ಲಾ ಯುದ್ಧಗಳನ್ನೂ ಬರೆದ ನೀನು ಇದನ್ನು ಯಾಕೆ ಬಿಟ್ಟೆ? ವೀರನಾದವನು ಗಡ್ಡ ತೆಗೆಸಬಾರದಾ? 27 ವರ್ಷದ ಹುಡುಗ, ವಾರಗಟ್ಟಲೆ ಎಣ್ಣೆ, ಮಸಿ, ಕೆಸರಲ್ಲಿ ಇದ್ದು ಒಂದು ಊರು ಸಿಕ್ಕಾಗ ಮುಖ ಸ್ವಚ್ಛ ಮಾಡ್ಕೊಳ್ಳೋಣ ಅಂದ. ನಿನ್ನ ಇಡೀ ಪುಸ್ತಕದಲ್ಲಿ ಅವನನ್ನು ನಾನು ಮುಟ್ಟಿ ನೋಡಬಹುದಾದ ಜಾಗ ಇದೊಂದೇ ಆಗುತ್ತಿತ್ತು. ಬರೀ. ಆದರೆ ಕೆನ್ನೆ ಮೇಲೆ ಸೋಪಿನ ನೊರೆ, ಅಜ್ಜನಂಥ ಕ್ಷೌರಿಕ, ಅವನ ಆಶೀರ್ವಾದ, ಇದ್ಯಾವುದನ್ನೂ ಸೇರಿಸಬೇಡ.

ಶಿಷ್ಕಿನೊ ಹಳ್ಳಿಯ ಹೊಂಚನ್ನೂ ಬಿಡಿಸಿ ಬರೀ. ನೀನು ಒಂದೇ ಸಾಲಿನಲ್ಲಿ "ಸಿಂಹದಂತೆ ಎರಗಿದ" ಅಂದು ಮುಗಿಸಿದ್ದೀಯ. ಅವನು ಎರಗಲೇ ಇಲ್ಲ ಮಾರಾಯ. ಬಿಳಿ ಬಣ್ಣ ಬಳಿದ ಟ್ಯಾಂಕನ್ನು ಹಿಮದ ಬಯಲಲ್ಲಿ ನಿಲ್ಲಿಸಿ ಸುಮ್ನೆ ಕಾದ. ಮರ ಇಲ್ಲ, ಪೊದೆ ಇಲ್ಲ, ಬಿಳಿಯ ಮೇಲೆ ಬಿಳಿ ಅಷ್ಟೇ. ಜರ್ಮನ್ ಸಾಲು ಪಕ್ಕಕ್ಕೆ ಬಂದಾಗ ಮೊದಲು ಮುಂದಿನವನ್ನು ಹೊಡೆದ, ಆಮೇಲೆ ಕೊನೆಯವನ್ನು, ಆಮೇಲೆ ನಡುವಿನವನ್ನು. ಸಾಲು ಮುಂದೂ ಹೋಗದ ಹಾಗೆ, ಹಿಂದೂ ಬಾರದ ಹಾಗೆ. ಆಮೇಲೆ ಜಾಗ ಖಾಲಿ ಮಾಡಿದ. ಸೈನ್ಯಕ್ಕೆ ಬರುವ ಮೊದಲು ಅವನು ಕುಬಾನ್ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದ. ಲೆಕ್ಕ ಹಾಕಿ ಕೆಲಸ ಮಾಡುವ ಮನುಷ್ಯ. ಬೇಸಿಗೆಯಲ್ಲಿ ಸೈನ್ಯ ಹಿಂದೆ ಸರಿಯುವಾಗ, ಕೆಟ್ಟ ಟ್ಯಾಂಕುಗಳನ್ನು ನಾಶ ಮಾಡಿ ಅಂದಾಗಲೂ ಒಪ್ಪದೆ ತನ್ನದನ್ನು ಎಳೆದುಕೊಂಡೇ ಹೋಗಿ ರಿಪೇರಿಗೆ ಕೊಟ್ಟವನು.

ಇನ್ನೂ ಒಂದು. ಅವನ ಟ್ಯಾಂಕಿನಲ್ಲಿದ್ದ ಇತರರ ಹೆಸರೇ ನಿನ್ನ ಹಸ್ತಪ್ರತಿಯಲ್ಲಿ ಇಲ್ಲ. ಡ್ರೈವರ್ ಬೆದ್ನಿ, ರೇಡಿಯೊದ ಶರೋವ್. ಆ ನವೆಂಬರಿನಲ್ಲೇ ಅವರ ಟ್ಯಾಂಕಿಗೆ ಶೆಲ್ ಬಿದ್ದಾಗ ಇಬ್ಬರೂ ಸತ್ತರು. ಅವನ ಬೂಟು ತಾಗುತ್ತಿದ್ದ ಭುಜ ಬೆದ್ನಿಯದು. ಬೆದ್ನಿ ಇಲ್ಲದೆ ಲಾವ್ರಿನೆಂಕೊನನ್ನು ಹೇಗೆ ಬರೆಯುತ್ತೀಯ?

52 ಅನ್ನುವ ಸಂಖ್ಯೆಯನ್ನು ಪುಟಪುಟಕ್ಕೂ ತರಬೇಡ. ಎರಡೂವರೆ ತಿಂಗಳಲ್ಲಿ 52 ಟ್ಯಾಂಕು ಅನ್ನುವುದು ಅವನ ಕಡೆಯವರ ಲೆಕ್ಕ. ಯುದ್ಧದಲ್ಲಿ ಎರಡೂ ಕಡೆಯವರು ತಾವು ಹೊಡೆದದ್ದನ್ನು ಜಾಸ್ತಿಯೇ ಎಣಿಸುತ್ತಾರೆ. ಸೋವಿಯತ್ ಲೆಕ್ಕ ಅಂತ ಒಮ್ಮೆ ಹೇಳಿ ಮುಂದೆ ಹೋಗು. ಬಿರುದಿನ ವಿಷಯವೂ ಅಷ್ಟೆ. ಸತ್ತ ಕೆಲವೇ ದಿನಕ್ಕೆ ಲೆನಿನ್ ಪದಕ ಕೊಟ್ಟರು, ವೀರ ಅನ್ನುವ ಬಿರುದು ಬಂದದ್ದು 1990ರ ಮೇ 5ರಂದು. ಅದಕ್ಕಾಗಿ ಪ್ರಯತ್ನ ಮಾಡಿದ್ದ ಕತುಕೋವ್ ಅಷ್ಟರಲ್ಲಿ ತೀರಿಕೊಂಡಿದ್ದ. ಕಟ್ಟಿದ ಕಥೆಯ 28 ಜನರಿಗೆ 1942ರಲ್ಲೇ ಸಿಕ್ಕ ಬಿರುದು ಇವನಿಗೆ ಬರಲು ಸತ್ತ ಮೇಲೆ 48 ವರ್ಷಕ್ಕೂ ಜಾಸ್ತಿ ಬೇಕಾಯಿತು. ಇದನ್ನು ಬರೆಯುವಾಗ ನೀನು ಅತ್ತಿದ್ದೀಯ ಅಂತ ಗೊತ್ತಾಗುತ್ತೆ. ಅಳು, ತಪ್ಪಿಲ್ಲ. ಆದರೆ ಆ ಎರಡು ತಾರೀಕುಗಳನ್ನು ಪಕ್ಕಪಕ್ಕ ಇಡು, ಅತ್ತದ್ದನ್ನು ಬರೆಯಬೇಡ.

ಅವನ ಬಾಯಿಂದ ಮಾತು ಬೇಕೇ ಬೇಕು ಅನ್ನಿಸಿದರೆ ಅವನದೇ ಮಾತಿದೆಯಲ್ಲ. ನವೆಂಬರ್ 30ರಂದು ಮನೆಗೆ ಬರೆದ ಕಾಗದ. ನನ್ನ ಬಗ್ಗೆ ಚಿಂತೆ ಮಾಡಬೇಡಿ, ಸಾಯುವ ಯೋಚನೆ ನನಗಿಲ್ಲ, ಕೂಡಲೇ ಕಾಗದ ಬರೆಯಿರಿ ಅಂತ ಬರೆದಿದ್ದ. ಡಿಸೆಂಬರ್ 18ರಂದು ಗೊರ್ಯುನಿ ಹಳ್ಳಿಯ ಹತ್ತಿರ ಹೋರಾಟದ ನಂತರ ಟ್ಯಾಂಕಿನಿಂದ ಇಳಿದು ಮೇಲಧಿಕಾರಿಗೆ ವರದಿ ಕೊಡಲು ಹೋದಾಗ ಮಾರ್ಟರ್ ಶೆಲ್ಲಿನ ಒಂದು ಚೂರು ಬಡಿಯಿತು. ನಿನ್ನ ಪುಸ್ತಕದಲ್ಲಿ ಅವನು ಉರಿಯುವ ಟ್ಯಾಂಕಿನೊಳಗೆ ಬಾವುಟ ಹಿಡಿದು ಸಾಯುತ್ತಾನೆ. ಅದನ್ನು ಹರಿದು ಹಾಕು.

ಸೋವಿಯತ್ ಪುಸ್ತಕಗಳು ನಮ್ಮ ಕಾಲದಲ್ಲಿ ನವಕರ್ನಾಟಕದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಯುದ್ಧದವು ಕೆಲವು ನನ್ನ ಹತ್ತಿರ ಇನ್ನೂ ಇವೆ. ಕಳಿಸ್ತೀನಿ. ಓದುವಾಗ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು, ಸಾಯುವವನು ಉದ್ದುದ್ದ ಮಾತಾಡಿದ ಕಡೆಯೆಲ್ಲ ಗೀಟು ಹಾಕು.

ವಾಪಸ್ ಕಳಿಸಿದ ಪತ್ರಿಕೆಗಳ ವಿಷಯ ಬಿಡು. ಏಳನೇ ಅಧ್ಯಾಯದ ಭಾಷಣ ತೆಗೆದುಹಾಕಿ, ಬೆದ್ನಿಯನ್ನು ಒಳಗೆ ತಂದು, ಮೊದಲು ಸೆರ್ಪುಖೋವಿನ ಆರೇಳು ಪುಟ ಬರೆದು ನನಗೆ ಕಳಿಸು. ಯುಗಾದಿಯೊಳಗೆ ಬಂದರೆ ಒಳ್ಳೆಯದು. ಆಮೇಲೆ ನಾನು ಮಗಳ ಮನೆಗೆ ಹೋಗ್ತೀನಿ, ಅಲ್ಲಿ ಓದೋಕೆ ಆಗಲ್ಲ.

ಇಂತಿ ನಿನ್ನ,
ಅಣ್ಣ