ಸಾಲದ ಹಡಗಿಗೆ ಯಾವ ನಿಯಮ?

ಪ್ರಿಯ ಗೆಳೆಯ,

ಈ ಮಳೆಗಾಲಕ್ಕೆ ಅಂತರಿಕ್ಷದ ಕಥೆಯೊಂದನ್ನು ಆಡಿಸುತ್ತೇನೆ, ಯಾವ ನಿಯಮ ಪುಸ್ತಕ ಹಿಡಿಯಲಿ ಎಂದು ಕೇಳಿದ್ದೀಯಲ್ಲ, ನನ್ನ ಉತ್ತರ ಟ್ರಾವೆಲರ್: ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತ ಕಥೆ ಕಟ್ಟುವ ಆಟ. ಇಂಥದ್ದೇ ಆಟವಾದ, ಎಲ್ಲರಿಗೂ ರೂಢಿಯಿರುವ ಕತ್ತಿ, ಮಂತ್ರಗಳ ಡಂಜನ್ಸ್ ಅಂಡ್ ಡ್ರ್ಯಾಗನ್ಸನ್ನೇ, ಕತ್ತಿಯ ಜಾಗದಲ್ಲಿ ಲೇಸರ್ ಬಂದೂಕು ಇಟ್ಟು ಆಡಿಸಿದರಾಯಿತು ಎಂಬ ನಿನ್ನ ಯೋಚನೆಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ನೀನು ಹೇಳಿದ ಕಥೆ ನನಗೆ ಬಹಳ ಹಿಡಿಸಿದೆ. ಹಳೆಯದೊಂದು ಸರಕು ಹಡಗು, ಅದರ ಮೇಲೆ ತೀರದ ಸಾಲ, ಗ್ರಹದಿಂದ ಗ್ರಹಕ್ಕೆ ಸಾಮಾನು ಸಾಗಿಸಿ ಬದುಕುವ ನಾಲ್ಕು ಜನ. ಮಲ್ಪೆಯ ಮೀನುಗಾರರ ಮನೆಯಲ್ಲಿ ಬೆಳೆದ ನಿನಗಲ್ಲದೆ ಇದು ಇನ್ಯಾರಿಗೆ ಹೊಳೆಯಬೇಕು? ಡೀಸೆಲ್, ಐಸ್, ಕಲಾಸಿಗಳ (ಬೋಟಿನ ಕೆಲಸಗಾರರ) ಪಾಲು, ಬೋಟಿನ ಕಂತು ಎಲ್ಲ ಕಳೆದರೆ ಕೈಗೆ ಉಳಿಯುವುದೆಷ್ಟು ಎಂಬ ಲೆಕ್ಕ ನಿಮ್ಮ ಜಗಲಿಯಲ್ಲಿ ನಡೆಯುವುದನ್ನು ನಾನೂ ಕೇಳಿದ್ದೇನೆ. ಆ ಲೆಕ್ಕವೇ ಕಥೆಯ ಜೀವ. ಅದು ಉಳಿಯುವಂಥ ನಿಯಮ ಬೇಕು.

ಆಟದ ನಿಯಮ ಯಾವುದನ್ನು ಎಣಿಸುತ್ತದೆಯೋ, ಮೇಜಿನ ಸುತ್ತ ಕುಳಿತವರ ಮಾತು ಅದರ ಹಿಂದೆಯೇ ಹೋಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಣಿಸುವುದು ಪೆಟ್ಟನ್ನು ಮತ್ತು ಅನುಭವದ ಅಂಕವನ್ನು. ಅಂಕ ಕೂಡಿದಂತೆ ಪಾತ್ರದ ಹಂತ ಏರುತ್ತದೆ, ಬಲ ಹೆಚ್ಚುತ್ತದೆ. 1974ರಿಂದ ಜನ ಅದನ್ನು ಪ್ರೀತಿಯಿಂದ ಆಡುತ್ತಿದ್ದಾರೆ, ನಾವೂ ಆಡಿದ್ದೇವೆ. ಆದರೆ ಹತ್ತನೇ ಹಂತದ ವೀರನೊಬ್ಬ ಸಾಲ ವಸೂಲಿಗೆ ಬಂದವರ ಮುಂದೆ ಏಕೆ ಕೈಕಟ್ಟಿ ನಿಲ್ಲುತ್ತಾನೆ? ಹೊಡೆದು ಓಡಿಸುತ್ತಾನೆ, ನಿನ್ನ ಕಥೆ ಅಲ್ಲಿಗೇ ಮುಗಿಯುತ್ತದೆ.

ಟ್ರಾವೆಲರ್ ಎಣಿಸುವುದು ಹಣವನ್ನು ಮತ್ತು ದಿನವನ್ನು. ಮಾರ್ಕ್ ಮಿಲ್ಲರ್ ರೂಪಿಸಿದ ಈ ಆಟವನ್ನು 1977ರಲ್ಲಿ ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಹೊರತಂದಿತು. ಈಗ ಮಾಂಗೂಸ್ ಪ್ರಕಾಶನದ ಆವೃತ್ತಿ ಸಿಗುತ್ತದೆ, 2022ರಲ್ಲಿ ಪರಿಷ್ಕರಿಸಿದ್ದು. ಹಡಗಿನ ಸಾಲ ಅದರಲ್ಲಿ ಮೊದಲಿನಿಂದಲೂ ಇದೆ. ತಿಂಗಳಿಗೆ ಹಡಗಿನ ಬೆಲೆಯ 240ರಲ್ಲಿ ಒಂದು ಭಾಗದಂತೆ 480 ತಿಂಗಳು ಕಟ್ಟಬೇಕು. ಅಂದರೆ ನಲವತ್ತು ವರ್ಷ, ಕಂತುಗಳಲ್ಲೇ ಬೆಲೆಯ ಎರಡು ಪಟ್ಟು. ಬ್ಯಾಂಕಿನಲ್ಲಿ ಸಾಲ ವಿಭಾಗ ನೋಡುವ ನಿನ್ನ ಅಕ್ಕನಿಗೆ ಆ ಪುಟವನ್ನು ಮೊದಲೇ ಕಳುಹಿಸು, ಅವರು ಆಟಕ್ಕೆ ಬರುವುದು ಖಚಿತ. 1906ರ ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ ನೆಲ ನಮ್ಮದು. ಸಾಲಪತ್ರದಲ್ಲಿ ಕಥೆಯಿರುತ್ತದೆ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದೂರ. ಟ್ರಾವೆಲರ್‌ನಲ್ಲಿ ಹಡಗು ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯುತ್ತದೆ. ದೂರದ ಅಳತೆ ಪಾರ್ಸೆಕ್, ಒಂದಕ್ಕೆ ಸುಮಾರು ಮೂರೂಕಾಲು ಜ್ಯೋತಿರ್ವರ್ಷ. ಜಿಗಿತ ಒಂದು ಪಾರ್ಸೆಕ್‌ನದಾಗಲಿ, ಆರು ಪಾರ್ಸೆಕ್‌ನದಾಗಲಿ, ಹಿಡಿಯುವ ಸಮಯ ಸುಮಾರು ಒಂದು ವಾರ. ಆ ವಾರವಿಡೀ ಹೊರಗಿನ ಯಾವ ಸುದ್ದಿಯೂ ತಲುಪುವುದಿಲ್ಲ. ಹಡಗಿಗಿಂತ ವೇಗವಾಗಿ ಹೋಗುವ ಸಂದೇಶವೇ ಆ ಲೋಕದಲ್ಲಿ ಇಲ್ಲ, ಕಾಗದಪತ್ರವನ್ನೂ ಹಡಗೇ ಹೊರಬೇಕು. ಆದ್ದರಿಂದ ಸರಕು ಕೊಂಡವನಿಗೆ ಮುಂದಿನ ಬಂದರಿನ ದರ ತಿಳಿಯುವುದು ಅಲ್ಲಿ ಇಳಿದ ಮೇಲೆಯೇ. ಇಂಧನದ ವಿಷಯವನ್ನೂ ನೋಡು. ಒಂದು ಪಾರ್ಸೆಕ್ ಜಿಗಿಯಲು ಹಡಗಿನ ಗಾತ್ರದ ಹತ್ತನೇ ಒಂದು ಭಾಗದಷ್ಟು ಹೈಡ್ರೋಜನ್ ಬೇಕು. 200 ಟನ್ನಿನ ಸಣ್ಣ ವ್ಯಾಪಾರಿ ಹಡಗಿಗೆ 20 ಟನ್. ಬಂದರಿನಲ್ಲಿ ದುಡ್ಡು ಕೊಟ್ಟು ತುಂಬಿಸಬಹುದು. ದುಡ್ಡಿಲ್ಲದಿದ್ದರೆ ಗುರುಗ್ರಹದಂಥ ಅನಿಲ ದೈತ್ಯದ ಮೇಲ್ಪದರಕ್ಕೆ ಹಡಗನ್ನು ಇಳಿಸಿ ಬಿಟ್ಟಿಯಾಗಿ ಹೀರಿಕೊಳ್ಳಬಹುದು. ಆದರೆ ಅಲ್ಲಿ ಗಾಳಿಯ ಹೊಡೆತವುಂಟು, ಕಡಲ್ಗಳ್ಳರು ಹೊಂಚು ಹಾಕುವ ಜಾಗವೂ ಅದೇ. ಕಂತಿನ ದಿನ ಹತ್ತಿರ ಬರುತ್ತಿರುವಾಗ ಇದೊಂದು ಪ್ರಶ್ನೆಯ ಮೇಲೆ ನಾಲ್ಕು ಜನ ಇಡೀ ಸಂಜೆ ವಾದ ಮಾಡುತ್ತಾರೆ. ಬೋಟಿಗೆ ಹೋಗುವ ನಿನ್ನ ತಮ್ಮ ಅಲ್ಲಿ ಎಲ್ಲರಿಗೂ ತಾಂಡೇಲನಾಗುತ್ತಾನೆ, ಅಂದರೆ ಬೋಟಿನ ನಾಯಕ.

ಭಾವನ ವಿಷಯದಲ್ಲಿ ನಿನಗಿರುವ ಅಳುಕು ಅರ್ಥವಾಗುತ್ತದೆ. ದಾಳ, ಅಂಕೆ, ಕೋಷ್ಟಕ ನೋಡಿ ಅವರು ಎದ್ದು ಹೋಗಬಾರದು. ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಅವರು ಊರೂರಿನ ತಾಳಮದ್ದಳೆಗಳಲ್ಲಿ, ಭಾಗವತರು ಹಾಡಿದ ಪದ್ಯಕ್ಕೆ ಅರ್ಥ ಹೇಳಿ ಬಂದವರು. ವೇಷವಿಲ್ಲದೆ, ಕುಳಿತಲ್ಲೇ, ಎದುರಿನವರ ಮಾತಿಗೆ ಆ ಕ್ಷಣದಲ್ಲಿ ಮಾತು ಹೂಡಬಲ್ಲವರು. ಅಂಥವರಿಗೆ ಟ್ರಾವೆಲರ್‌ನ ಪಾತ್ರ ರಚನೆಯೇ ಸಾಕು. ಪಾತ್ರಕ್ಕೆ ಹದಿನೆಂಟು ತುಂಬಿದಲ್ಲಿಂದ ಶುರು. ನಾಲ್ಕು ನಾಲ್ಕು ವರ್ಷದ ಸೇವೆ: ನೌಕಾದಳ, ಭೂಸೇನೆ, ಸರ್ವೇಕ್ಷಣೆ, ವ್ಯಾಪಾರ. ಪ್ರತಿ ಅವಧಿಗೂ ದಾಳ ಹಾಕಿ ಏನು ಕಲಿತ, ಬಡ್ತಿ ಸಿಕ್ಕಿತೇ, ಅನಾಹುತ ಆಯಿತೇ ಎಂದು ನೋಡಬೇಕು. 1977ರ ನಿಯಮದಲ್ಲಿ ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗಬಹುದಿತ್ತು. ಈಗ ಅಪಘಾತವಾಗಿ ಕೆಲಸ ಬಿಡಬೇಕಾಗುತ್ತದೆ. ಮೂವತ್ತನಾಲ್ಕು ತುಂಬಿದರೆ ಮುಪ್ಪಿನ ದಾಳವೂ ಸೇರುತ್ತದೆ. ಕೊನೆಗೆ ಕೈಗೆ ಬರುವುದು ಗೆದ್ದದ್ದು ಸೋತದ್ದು ಎರಡೂ ಇರುವ ಒಬ್ಬ ನಡುವಯಸ್ಸಿನ ಮನುಷ್ಯ. ದಾಳ ಕೊಡುವುದು ಪದ್ಯವಿದ್ದ ಹಾಗೆ, ಅರ್ಥ ಹೇಳುವ ಕೆಲಸ ಭಾವನದು.

ದಾಳದ ನಿಯಮವೂ ಸರಳ. ಎರಡು ಸಾಮಾನ್ಯ ದಾಳ ಎಸೆ, 8 ಅಥವಾ ಹೆಚ್ಚು ಬಂದರೆ ಗೆಲುವು. 36 ಸಾಧ್ಯತೆಗಳಲ್ಲಿ 15 ಗೆಲ್ಲುತ್ತವೆ. ಆ ಕೆಲಸದ ವಿದ್ಯೆ ಒಂದು ಅಂಕದಷ್ಟಿದ್ದರೆ, ಅದನ್ನು ಕೂಡಿಸಿ 21. ಏನೂ ಕಲಿಯದವನಿಗೆ ಮೂರು ಅಂಕ ಕಡಿತ, ಆಗ ಗೆಲ್ಲುವುದು 36ರಲ್ಲಿ 3 ಮಾತ್ರ. ಕಲಿತವನಿಗೂ ಕಲಿಯದವನಿಗೂ ಇರುವ ಈ ಅಂತರ ನನಗೆ ತುಂಬ ಇಷ್ಟ. ಎಂಜಿನ್ ಬಲ್ಲವನು ಹಡಗಿನಲ್ಲಿ ಒಬ್ಬನೇ ಇದ್ದು, ಅವನು ಜ್ವರ ಬಂದು ಮಲಗಿದರೆ ಉಳಿದವರ ಎದೆ ನಡುಗಬೇಕು.

ಟ್ರಾವೆಲರ್‌ಗೆ ನಿಜವಾಗಿ ಸಾಟಿ ನಿಲ್ಲುವುದು ಕೆವಿನ್ ಕ್ರಾಫರ್ಡ್ ಬರೆದ ಸ್ಟಾರ್ಸ್ ವಿದೌಟ್ ನಂಬರ್ ಎಂಬ ಅಂತರಿಕ್ಷದ ಆಟ. 2010ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾಯಿತು. ಉಚಿತ ಆವೃತ್ತಿಯಲ್ಲೇ ಆಡಲು ಬೇಕಾದಷ್ಟು ಇದೆ. ಅಲ್ಲಿಯೂ ಹಂತ ಏರುವ ಪದ್ಧತಿ ಇರುವುದರಿಂದ ನಿನ್ನ ಕಥೆಗೆ ಅದನ್ನು ಪೂರ್ತಿ ಹಿಡಿಯಬೇಡ. ಆದರೆ ಗ್ರಹಗಳನ್ನು ಹುಟ್ಟಿಸುವ ಅದರ ಕೋಷ್ಟಕಗಳನ್ನು ದಯವಿಟ್ಟು ಬಳಸಿಕೋ. ಟ್ರಾವೆಲರ್ ಒಂದು ಗ್ರಹದ ಬಂದರಿನ ದರ್ಜೆ, ಗಾತ್ರ, ಗಾಳಿ, ನೀರು, ಜನಸಂಖ್ಯೆ, ಸರ್ಕಾರ, ಕಾನೂನು, ತಂತ್ರಜ್ಞಾನ ಎಲ್ಲವನ್ನೂ ಅಕ್ಷರ, ಅಂಕೆಗಳಲ್ಲಿ ಕೊಡುತ್ತದೆ. ಅಲ್ಲಿನ ಜನರ ಗೋಳು ಏನೆಂಬುದು ಆ ಅಂಕೆಗಳಲ್ಲಿ ಸಿಗುವುದಿಲ್ಲ. ಕ್ರಾಫರ್ಡ್ ಪ್ರತಿ ಗ್ರಹಕ್ಕೂ ಎರಡು ಲಕ್ಷಣಗಳನ್ನು ದಾಳದಿಂದ ಆರಿಸಿ, ಶತ್ರು ಯಾರು, ಮಿತ್ರ ಯಾರು, ತೊಡಕೇನು ಎಂಬ ಎಳೆಗಳನ್ನು ಕೈಗಿಡುತ್ತಾರೆ. ಎರಡನ್ನೂ ಕೂಡಿಸು.

ಮದರ್‌ಶಿಪ್ ಭಯದ ಕಥೆಗೆ ಚೆನ್ನ, ಒಂದೇ ರಾತ್ರಿಗೆ ಮುಗಿಯುವಂಥದ್ದಕ್ಕೆ. ಇನ್ನೊಂದು ಅಂತರಿಕ್ಷದ ಆಟ ಸ್ಕಮ್ ಅಂಡ್ ವಿಲನಿಯಲ್ಲಿ ಸಾಹಸದ ವೇಗವಿದೆ, ವ್ಯಾಪಾರದ ಲೆಕ್ಕ ತೆಳು.

ಮೂರು ಎಚ್ಚರಿಕೆ. ಹಡಗು ಕಟ್ಟುವ ನಿಯಮಗಳಿಗೆ ಈಗಲೇ ಕೈ ಹಾಕಬೇಡ, ಸಿದ್ಧ ಹಡಗನ್ನೇ ತೆಗೆದುಕೋ. ನಕ್ಷೆಯ ಒಂದು ಭಾಗದಲ್ಲಿ 80 ಷಟ್ಕೋನಗಳಿದ್ದು ಸುಮಾರು ಅರ್ಧದಷ್ಟರಲ್ಲಿ ನಕ್ಷತ್ರ ಬೀಳುತ್ತದೆ. ಅಷ್ಟನ್ನೂ ಬರೆಯುತ್ತ ಕೂರದೆ ಒಂದೊಂದೇ ಪಾರ್ಸೆಕ್ ದೂರದ ಐದಾರು ಗ್ರಹಗಳನ್ನು ಚೆನ್ನಾಗಿ ಸಿದ್ಧಪಡಿಸು. ಇಲ್ಲಿ ಪಾತ್ರಗಳು ಬಲಿಯುವುದು ನಿಧಾನ ಎಂಬುದನ್ನೂ ಎಲ್ಲರಿಗೆ ಮೊದಲೇ ತಿಳಿಸು. ಹಂತ ಏರುವ ರೂಢಿಯಿರುವವರಿಗೆ ಅದು ಕೊರತೆಯಾಗಿ ಕಾಣಬಹುದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, ನಿನ್ನ ತಮ್ಮ ಮನೆಯಲ್ಲಿರುವುದು ಆ ಎರಡು ತಿಂಗಳು. ಜೂನ್ ಮೊದಲ ಭಾನುವಾರವನ್ನು ಪಾತ್ರ ರಚನೆಗೆಂದೇ ಇಡು. ನಾನು ಉಡುಪಿಯಿಂದ ಬೆಳಗ್ಗಿನ ಬಸ್ ಹಿಡಿದು ಬರುತ್ತೇನೆ, ಎಲ್ಲರಿಗೂ ಸಾಕಾಗುವಷ್ಟು ದಾಳ ನಾನೇ ತರುತ್ತೇನೆ. ಅನಾಹುತದ ಕೋಷ್ಟಕವನ್ನು ಕನ್ನಡಕ್ಕೆ ಇಳಿಸಿಡಲೇ? ಭಾವ ಅದನ್ನು ಗಟ್ಟಿಯಾಗಿ ಓದಿದರೆ ಚೆನ್ನಾಗಿರುತ್ತದೆ.

ಇಂತು ನಿನ್ನ ಗೆಳೆಯ,
ಉಡುಪಿ