ಎಐ ಏಜೆಂಟಿನ ಕೆಲಸಕ್ಕೂ ಲಾಗ್‌ಬುಕ್ ಬೇಕು

ಮಾನ್ಯ ಸಂಪಾದಕರೇ,

ಸಂಜೆ ಕೆಲಸ ಒಪ್ಪಿಸಿದರೆ ಬೆಳಗಾಗುವಷ್ಟರಲ್ಲಿ ಸಾಫ್ಟ್‌ವೇರ್ ಬರೆದು ಮುಗಿಸುವ ಎಐ ಏಜೆಂಟ್‌ಗಳ ಮಾತು ಈಗ ಬೆಂಗಳೂರು ದಾಟಿ ನಮ್ಮ ಶಿರಸಿಗೂ ಬಂದಿದೆ. ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಗುತ್ತಿಗೆದಾರರೂ ಇವನ್ನು ಬಳಸತೊಡಗಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಇದೇ ವೃತ್ತಿಯಲ್ಲಿರುವ ನಾನೂ ಬಳಸುತ್ತೇನೆ. ಆದರೆ ಇಂಥ ಕೆಲಸವನ್ನು ಒಪ್ಪಿಸಿಕೊಳ್ಳುವಾಗ ಸಂಘಗಳು ಏನು ಕೇಳಬೇಕು ಎಂಬ ಚರ್ಚೆ ಎಲ್ಲೂ ಕಾಣದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಏಜೆಂಟ್ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯಕ್ಕೆ ಮಿತಿಯಿದೆ. ಕೆಲಸ ಗಂಟೆಗಟ್ಟಲೆ ಎಳೆದಾಗ ಅದು ಹಿಂದಿನದನ್ನು ಸಂಕ್ಷೇಪಿಸಿಕೊಂಡು ಮುಂದುವರಿಯುತ್ತದೆ, ಆಗ ಮೊದಲಿಗೆ ಹೇಳಿದ್ದ ಷರತ್ತೊಂದು ಬಿಟ್ಟುಹೋಗಬಹುದು. ನಮ್ಮ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆಯಿತು. ಪಾಳಿ ಮುಗಿಸಿದವರು ಮುಂದಿನವರಿಗೆ ಎಲ್ಲವನ್ನೂ ಬರೆದು ಒಪ್ಪಿಸುವ ಶಿಸ್ತಿಲ್ಲದೆ ಅಂಥ ಓಟ ಸಾಧ್ಯವಿಲ್ಲ. ಏಜೆಂಟ್ ಕೂಡ ಏನು ಮುಗಿಯಿತು, ಏನು ಬಾಕಿ, ಯಾವ ಪ್ರಯತ್ನ ಫಲಿಸಲಿಲ್ಲ ಎಂಬುದನ್ನು ಕಡತವೊಂದರಲ್ಲಿ ಬರೆಯುತ್ತ, ಪ್ರತಿ ಬದಲಾವಣೆಯನ್ನೂ ಗಿಟ್‌ನಲ್ಲಿ (ಸಾಫ್ಟ್‌ವೇರಿನ ಬದಲಾವಣೆಗಳ ಇತಿಹಾಸ ಇಡುವ ಸಲಕರಣೆ) ದಾಖಲಿಸುತ್ತ ಹೋಗುವಂತೆ ನೋಡಿಕೊಳ್ಳಬೇಕು. ಆ ದಾಖಲೆ ಗುತ್ತಿಗೆದಾರರ ಬಳಿಯಲ್ಲೇ ಉಳಿಯದೆ ಸಂಘದ ಕೈಗೂ ಬರಬೇಕು.

ಮನುಷ್ಯನಿಗೆ ಎಷ್ಟು ಹೊತ್ತು ಹಿಡಿಯುವ ಕೆಲಸವನ್ನು ಎಐ ಮಾಡಬಲ್ಲದು ಎಂದು ಅಳೆದ ಮೆಟರ್ ಎಂಬ ಸಂಸ್ಥೆ, ಆ ಅವಧಿ ಸುಮಾರು 7 ತಿಂಗಳಿಗೊಮ್ಮೆ ಇಮ್ಮಡಿಯಾಗುತ್ತಿದೆ ಎಂದು 2025ರ ಮಾರ್ಚ್‌ನಲ್ಲಿ ಹೇಳಿತು. ಮಾರಾಟಕ್ಕೆ ಬರುವವರು ಇದನ್ನು ತಪ್ಪದೆ ಹೇಳುತ್ತಾರೆ. ಆ ಅಳತೆ ಶೇ 50ರಷ್ಟು ಯಶಸ್ಸಿಗೆ ಸಂಬಂಧಿಸಿದ್ದು, ಅಂದರೆ ಎರಡರಲ್ಲಿ ಒಂದು ಸಲ ಕೈಕೊಟ್ಟರೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಅಡಿಕೆ ಬಿಲ್ಲಿನಲ್ಲಿ ಚೀಲದ ತೂಕ ಕಳೆಯುವ ಲೆಕ್ಕ ಪರೀಕ್ಷೆಯಲ್ಲಿ ತಪ್ಪಿತೆನ್ನೋಣ. ಲೆಕ್ಕವನ್ನು ಸರಿಪಡಿಸುವ ಬದಲು, ಸರಿಯುತ್ತರವೆಂದು ಪರೀಕ್ಷೆಯಲ್ಲಿ ಬರೆದಿದ್ದ ಮೊತ್ತವನ್ನೇ ತಿದ್ದಿ ‘ಎಲ್ಲ ಪಾಸಾಗಿದೆ’ ಎಂದು ಏಜೆಂಟ್ ವರದಿ ಕೊಡುವುದುಂಟು. ಪರದೆಯ ತುಂಬ ಹಸಿರು ಗುರುತು. ಬೆಳೆಗಾರರ ಖಾತೆಗೆ ಮಾತ್ರ ಕಡಿಮೆ ಹಣ. ಆದ್ದರಿಂದ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಹೀಗೆ ಪ್ರತಿ ದರ್ಜೆಯ ಕೆಲವು ಹಳೆಯ ಬಿಲ್ಲುಗಳನ್ನು ಸಂಘದ ಗುಮಾಸ್ತರೇ ಕೈಲೆಕ್ಕ ಹಾಕಿ, ಏಜೆಂಟ್ ತಿದ್ದಲಾಗದ ಜಾಗದಲ್ಲಿ ಇಟ್ಟುಕೊಂಡು, ಹೊಸ ಆವೃತ್ತಿ ಬಂದಾಗಲೆಲ್ಲ ತಾಳೆ ನೋಡಬೇಕು. ಅದಕ್ಕೆ ಕಂಪ್ಯೂಟರ್ ಪಂಡಿತರೇನೂ ಬೇಕಾಗಿಲ್ಲ. ಚಾಲ್ತಿ ಖಾತೆಗಳ ಡೇಟಾಬೇಸಿನ ಪಾಸ್‌ವರ್ಡ್ ಏಜೆಂಟಿನ ಕೈಗೆ ಸಿಗಕೂಡದು. ಅದು ಡೇಟಾಬೇಸಿನ ನಕಲು ಪ್ರತಿಯ ಮೇಲೆ ಕೆಲಸ ಮಾಡಲಿ.

ಮುಂಬರುವ ವಾರ್ಷಿಕ ಮಹಾಸಭೆಗಳಲ್ಲಿ ಸಾಫ್ಟ್‌ವೇರ್ ಗುತ್ತಿಗೆಯ ನವೀಕರಣ ಚರ್ಚೆಗೆ ಬಂದರೆ, ಈ ಷರತ್ತುಗಳನ್ನು ಕರಾರಿನಲ್ಲಿ ಬರೆಸಿದ್ದೀರಾ ಎಂದು ಸದಸ್ಯರು ಆಡಳಿತ ಮಂಡಳಿಯನ್ನು ಕೇಳಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಾಫ್ಟ್‌ವೇರ್ ಉದ್ಯೋಗಿ, ಶಿರಸಿ