ಮೊದಲ ರಿಬ್ರೀದರ್ ಕೊಳ್ಳುವ ಮುಂಚೆ: ಸುಹಾಸನಿಗೆ ಚಿಕ್ಕಮ್ಮನ ಪತ್ರ

ಗೇನ್ಸ್‌ವಿಲ್, ಫ್ಲಾರಿಡಾ

ಚಿ. ಸುಹಾಸನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಗುಹೆ ಡೈವಿಂಗ್‌ಗೆ ಕೊಳ್ಳಬೇಕೆಂದು ನೀನು ಕಳಿಸಿದ ರಿಬ್ರೀದರ್‌ಗಳ (ಬಿಟ್ಟ ಉಸಿರನ್ನೇ ಶುದ್ಧ ಮಾಡಿ, ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಯಂತ್ರಗಳ) ಪಟ್ಟಿ ನೋಡಿದೆ. ಐದು ಯಂತ್ರ, ಒಂದೊಂದರ ಬೆಲೆ, ತೂಕ, ಇಂಗಾಲದ ಡೈಆಕ್ಸೈಡ್ ಹೀರುವ ಸ್ಕ್ರಬ್ಬರ್ ಎಷ್ಟು ಗಂಟೆ ಬರುತ್ತದೆ, ಕಂಪ್ಯೂಟರ್ ಯಾವುದು, ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದೀಯ. ಇಂಜಿನಿಯರ್ ಮಗ ಅಲ್ಲವೇ! ಒಂದು ಕಾಲಂ ಮಾತ್ರ ಬಿಟ್ಟುಹೋಗಿದೆ. ನೀರು ತುಂಬಿದ ಗುಹೆಯೊಳಗೆ ಅತಿ ದೂರದ ಜಾಗದಲ್ಲಿ ಯಂತ್ರ ಕೈಕೊಟ್ಟರೆ ಯಾವ ಗಾಳಿ ಉಸಿರಾಡಿಕೊಂಡು ಹೊರಗೆ ಬರುತ್ತೀಯ? ಅದನ್ನು ಮೊದಲು ತುಂಬು. ಆಮೇಲೆ ಆ ಐದರಲ್ಲಿ ಎರಡೋ ಮೂರೋ ತಾವಾಗಿಯೇ ಉದುರಿಹೋಗುತ್ತವೆ.

ನಿನ್ನ ಆಸೆ ನನಗೆ ಅರ್ಥವಾಗುತ್ತದೆ. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು ಅಲ್ಲಿ ಸಿಲಿಂಡರಿನಿಂದ 80 ಲೀಟರ್ ಖಾಲಿ ಮಾಡುತ್ತಾನೆ, ಅದರಲ್ಲಿ ಬಹುಪಾಲು ಗುಳ್ಳೆಯಾಗಿ ಚಾವಣಿಗೆ ಹೋಗುತ್ತದೆ. ದೇಹ ನಿಜವಾಗಿ ಬಳಸುವುದು ನಿಮಿಷಕ್ಕೆ ಸುಮಾರು ಒಂದು ಲೀಟರ್ ಆಮ್ಲಜನಕ, ಆಳ ಎಷ್ಟೇ ಇರಲಿ. ಗುಳ್ಳೆಯಿಲ್ಲದಿದ್ದರೆ ಚಾವಣಿಯ ಮಣ್ಣು ಉದುರಿ ನೀರು ಕದಡುವುದೂ ಇಲ್ಲ. ಗುಹೆ ಶೋಧಕ ಬಿಲ್ ಸ್ಟೋನ್ 1987ರಲ್ಲಿ ಇಲ್ಲೇ ಫ್ಲಾರಿಡಾದ ವಕುಲ್ಲಾ ಸ್ಪ್ರಿಂಗ್ಸ್‌ನಲ್ಲಿ ತಾನೇ ಕಟ್ಟಿದ ಜೋಡಿ ರಿಬ್ರೀದರ್ ಹಾಕಿಕೊಂಡು ಇಡೀ 24 ಗಂಟೆ ನೀರೊಳಗಿದ್ದ. ಹತ್ತು ವರ್ಷದ ನಂತರ ಇಂಗ್ಲೆಂಡಿನ 'ಇನ್ಸ್ಪಿರೇಷನ್' ಮಾರುಕಟ್ಟೆಗೆ ಬಂದ ಮೇಲೆ ನಮ್ಮಂಥ ಸಾಮಾನ್ಯರ ಬೆನ್ನಿಗೂ ಈ ಯಂತ್ರ ಹತ್ತಿತು.

ಆದರೆ ಮಾಮೂಲಿ ಸ್ಕೂಬಾ ಕೆಟ್ಟರೆ ಸದ್ದು ಮಾಡಿ ಕೆಡುತ್ತದೆ: ಬುಸ್ ಎಂದು ಗಾಳಿ ನುಗ್ಗುತ್ತದೆ, ಇಲ್ಲವೇ ಉಸಿರೇ ಬರುವುದಿಲ್ಲ. ರಿಬ್ರೀದರ್ ಕೆಟ್ಟಾಗ ಉಸಿರು ಸರಾಗವಾಗಿ ಬರುತ್ತಲೇ ಇರುತ್ತದೆ. ಲೂಪಿನಲ್ಲಿ, ಅಂದರೆ ಉಸಿರು ಸುತ್ತುವ ಕೊಳವೆಗಳಲ್ಲಿ, ಆಮ್ಲಜನಕದ ಒತ್ತಡ 0.16 ಬಾರ್‌ಗಿಂತ ಕೆಳಗಿಳಿಯುತ್ತ ಹೋದರೆ ಯಾವ ಮುನ್ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತದೆ. 1.6 ದಾಟಿದರೆ ಫಿಟ್ಸ್ ಬರಬಹುದು. ಇವೆರಡನ್ನೂ ಸೆಲ್‌ಗಳು, ಅಂದರೆ ಆಮ್ಲಜನಕದ ಸೆನ್ಸರ್‌ಗಳು, ಅಳೆದು ತೋರಿಸುತ್ತವೆ. ಮೂರನೆಯದು ಇಂಗಾಲದ ಡೈಆಕ್ಸೈಡ್, ಅದನ್ನು ಅಳೆಯುವ ಸೆನ್ಸರ್ ಬಹುಪಾಲು ಯಂತ್ರಗಳಲ್ಲಿ ಇರುವುದೇ ಇಲ್ಲ. ಅದು ಏರಿದಾಗ ಏದುಸಿರು, ದಿಗಿಲು, ಮಂಕು. ನಿರ್ಧಾರ ಮಾಡಬೇಕಾದ ತಲೆಯೇ ಮೊದಲು ಕೆಡುತ್ತದೆ. ಆಸ್ಟ್ರೇಲಿಯಾದ ಡೈವರ್ ಡೇವಿಡ್ ಶಾ ಸತ್ತದ್ದು ಹಾಗೆ, 2005ರ ಜನವರಿಯಲ್ಲಿ, ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್‌ನಲ್ಲಿ, ಸುಮಾರು 270 ಮೀಟರ್ ಆಳದಲ್ಲಿ. ಹತ್ತು ವರ್ಷ ಹಿಂದೆ ಸತ್ತ ಹುಡುಗನೊಬ್ಬನ ದೇಹ ಮೇಲೆ ತರಲು ಇಳಿದಿದ್ದ. ದೀಪದ ವೈರು ಹಗ್ಗಕ್ಕೆ ಸಿಕ್ಕಿತು, ಬಿಡಿಸಿಕೊಳ್ಳುವ ಶ್ರಮದಲ್ಲಿ ಉಸಿರಿನ ವೇಗ ಏರಿತು, ಅಷ್ಟು ದಟ್ಟವಾದ ಅನಿಲವನ್ನು ಶ್ವಾಸಕೋಶ ಹೊರದೂಡಲಾರದೆ ಹೋಯಿತು. ಯಂತ್ರ ಕೆಟ್ಟಿರಲಿಲ್ಲ.

ಯಾವ ಬ್ರ್ಯಾಂಡ್ ಅತಿ ಸುರಕ್ಷಿತ ಎಂದು ಕೇಳಿದ್ದೀಯ. ಆಸ್ಟ್ರೇಲಿಯಾದ ವೈದ್ಯ ಆಂಡ್ರೂ ಫಾಕ್ 1998ರಿಂದ 2010ರವರೆಗಿನ 181 ರಿಬ್ರೀದರ್ ಸಾವುಗಳನ್ನು ಕೂಡಿಸಿ ನೋಡಿದ. ಮಾಮೂಲಿ ಸ್ಕೂಬಾಕ್ಕಿಂತ ಅಪಾಯ ನಾಲ್ಕರಿಂದ ಹತ್ತು ಪಟ್ಟು ಎಂಬುದು ಅವನ ಅಂದಾಜು. ಒಂದು ಕಂಪನಿಗೂ ಇನ್ನೊಂದಕ್ಕೂ, ಕೈಯಿಂದ ಆಮ್ಲಜನಕ ಬಿಡುವುದಕ್ಕೂ ಎಲೆಕ್ಟ್ರಾನಿಕ್ಸ್ ಬಿಡುವುದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಅವನಿಗೆ ಕಾಣಲಿಲ್ಲ. ಬ್ರ್ಯಾಂಡ್ ಜಗಳಕ್ಕೆ ನೀನು ಕಳೆಯುವ ರಾತ್ರಿಗಳನ್ನು ನಿದ್ದೆಗೆ ಕೊಡು.

ಈಗ ಆ ಖಾಲಿ ಕಾಲಂ. ಲೆಕ್ಕ ನನ್ನ ಜೊತೆ ಮಾಡು. ಆಳ 30 ಮೀಟರ್, ಹೊರಬರಲು 30 ನಿಮಿಷ. ಶಾಂತವಾಗಿ 20 ಲೀಟರಿನ ಲೆಕ್ಕದಲ್ಲಿ 2400 ಲೀಟರ್ ಬೇಕು. ನೀನು ಬಳಸುವ 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್ 200 ಬಾರ್‌ಗೆ ತುಂಬಿದರೆ ಬರುವುದು 2200. ಅಂದರೆ ಏನೂ ಗಾಬರಿಯಿಲ್ಲದಿದ್ದರೂ ಒಂದು ಸಾಲದು. ಇಂಗಾಲದ ಡೈಆಕ್ಸೈಡ್ ಏರಿದ ಮನುಷ್ಯ ಇದರ ಎರಡು ಪಟ್ಟು ಉಸಿರಾಡುತ್ತಾನೆ, ಕೆಲವೊಮ್ಮೆ ಇನ್ನೂ ಹೆಚ್ಚು. ಆಗ 4800 ಲೀಟರ್, ಎರಡು ಸಿಲಿಂಡರಿಗೂ ಮೀರಿತು. ಜೊತೆಗಾರನ ಬೇಲ್‌ಔಟ್ (ಯಂತ್ರ ಕೆಟ್ಟಾಗ ಉಸಿರಾಡುವ ತುರ್ತು ಗಾಳಿ) ಸೇರಿಸಿ ಲೆಕ್ಕ ಹಾಕುವವರಿದ್ದಾರೆ. ಕದಡಿದ ನೀರಿನಲ್ಲಿ ಆ ಜೊತೆಗಾರ ಎಲ್ಲಿರುತ್ತಾನೋ, ನನಗೆ ಅದು ಒಪ್ಪಿಗೆಯಿಲ್ಲ. ಹಾಗಾಗಿ ಮೂರು ಬೇಲ್‌ಔಟ್ ಸಿಲಿಂಡರ್ ತೂಗಿಹಾಕಿಕೊಂಡೂ ನೆಟ್ಟಗೆ, ಮಟ್ಟಸವಾಗಿ ಈಜಲು ಬರುವ ಯಂತ್ರ ಮಾತ್ರ ಪಟ್ಟಿಯಲ್ಲಿರಲಿ.

ಬಾಯಿಯ ಬಳಿ ಬೇಲ್‌ಔಟ್ ವಾಲ್ವ್, ಅಂದರೆ ಉಸಿರನ್ನು ಯಂತ್ರದಿಂದ ತುರ್ತು ಗಾಳಿಗೆ ತಿರುಗಿಸುವ ವಾಲ್ವ್, ಇರುವುದನ್ನೇ ತಗೋ. ದವಡೆಗೆ ಭಾರ ಎಂದು ಕೆಲವರು ಬೇಡ ಎನ್ನುತ್ತಾರೆ. ಏದುಸಿರು ಬಿಡುವವನಿಗೆ ಬಾಯಿಂದ ಒಂದನ್ನು ತೆಗೆದು ಇನ್ನೊಂದನ್ನು ಇಡುವಷ್ಟು ಹೊತ್ತೂ ಉಸಿರು ಹಿಡಿಯಲಾಗದು, ಒಂದು ತಿರುವಿನಲ್ಲಿ ಕೆಲಸ ಮುಗಿಯಬೇಕು. ಪ್ರಜ್ಞೆ ತಪ್ಪಿದರೂ ಬಾಯಿಂದ ಕಳಚದ ಹಾಗೆ ಮೌತ್‌ಪೀಸನ್ನು ತಲೆಗೆ ಬಿಗಿಯುವ ಪಟ್ಟಿಯನ್ನೂ ಕೊಳ್ಳು, ಅಗ್ಗದ ವಸ್ತು. ಫ್ರಾನ್ಸಿನ ಸೇನೆಯ ಡೈವರ್‌ಗಳು ಅದನ್ನು ಕಟ್ಟಿಕೊಂಡೇ ಇಳಿಯುತ್ತಾರೆ. 1979ರಿಂದ 2009ರವರೆಗೆ ಅವರಲ್ಲಿ 54 ಸಲ ಪ್ರಜ್ಞೆ ತಪ್ಪಿದ ದಾಖಲೆಯಿದೆ, ಮುಳುಗಿ ಸತ್ತವರು ಮೂವರು.

ಬೆನ್ನಿಗಲ್ಲದೆ ಪಕ್ಕೆಗೆ ಕಟ್ಟುವ ಸೈಡ್‌ಮೌಂಟ್ ರಿಬ್ರೀದರ್ ಮೇಲೆ ನಿನ್ನ ಕಣ್ಣಿದೆ ಅಂತ ಗೊತ್ತು. ಇಲ್ಲಿ ಜಿನ್ನಿ ಸ್ಪ್ರಿಂಗ್ಸ್‌ನಲ್ಲೂ ಮೆಕ್ಸಿಕೋದ ಟುಲುಮ್ ಕಡೆಯೂ ಈಗ ಅದರದ್ದೇ ಸದ್ದು. ಇಕ್ಕಟ್ಟಿನ ಗುಹೆಗೆ ಅದು ಸರಿಯೇ. ಮೊದಲ ಯಂತ್ರವಾಗಿ ಬೇಡ. ಬೆನ್ನಿನ ಮೇಲಿನ ಎಲೆಕ್ಟ್ರಾನಿಕ್ ಯಂತ್ರದಲ್ಲಿ ಕಲಿ. ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್ ತಾನೇ ಆಮ್ಲಜನಕ ಬಿಡಲಿ, ಆದರೂ ಯಂತ್ರದ ಹ್ಯಾಂಡ್‌ಸೆಟ್ ಪರದೆ ನೋಡಿ ನೀನೇ ಬಿಡುತ್ತಿದ್ದೀಯ ಎನ್ನುವ ಹಾಗೆ ಅಭ್ಯಾಸ ಮಾಡು. ಒಂದು ಯಂತ್ರದ ಸರ್ಟಿಫಿಕೇಟ್ ಇನ್ನೊಂದಕ್ಕೆ ನಡೆಯದು, ಆದ್ದರಿಂದ ತಪ್ಪು ಆರಿಸಿದರೆ ಕೋರ್ಸಿನ ದುಡ್ಡೂ ಎರಡು ಸಲ.

ಸ್ಕ್ರಬ್ಬರ್ ಗಂಟೆಗಳ ಬಗ್ಗೆ ಒಂದು ಮಾತು. ಯುರೋಪಿನ ಮಾನದಂಡದ ಪರೀಕ್ಷೆ 40 ಮೀಟರ್ ಆಳಕ್ಕೆ, 4 ಡಿಗ್ರಿ ಚಳಿ ನೀರಿನಲ್ಲಿ, ನಿಮಿಷಕ್ಕೆ 1.6 ಲೀಟರ್ ಇಂಗಾಲದ ಡೈಆಕ್ಸೈಡ್ ಹಾಯಿಸಿ ಮಾಡುವಂಥದ್ದು. ನಮ್ಮ ಬುಗ್ಗೆಗಳ ನೀರು ವರ್ಷವಿಡೀ ಸುಮಾರು 22 ಡಿಗ್ರಿ, ಹಾಗಾಗಿ ಹೆಚ್ಚು ಬಾಳುತ್ತದೆ ಎಂದು ಎಳೆಯುವವರಿದ್ದಾರೆ. ನೀನು ಕಂಪನಿ ಹೇಳಿದ್ದಕ್ಕಿಂತ ಒಂದು ನಿಮಿಷವೂ ಎಳೆಯಬೇಡ. ಸ್ಕ್ರಬ್ಬರಿನ ಪುಡಿ ನೀನೇ ತುಂಬುವ ಡಬ್ಬಿಯಾದರೆ, ಅಜ್ಜಿ ಸೇರಿನಲ್ಲಿ ಅಕ್ಕಿ ಅಳೆಯುವಾಗ ತಟ್ಟಿ ತಟ್ಟಿ ಕೂರಿಸುತ್ತಿದ್ದಳಲ್ಲ, ಹಾಗೆ ತುಂಬಬೇಕು. ಸಂದು ಉಳಿದರೆ ಉಸಿರು ಆ ಸಂದಿನಲ್ಲೇ ನುಸುಳಿ ಶುದ್ಧವಾಗದೆ ವಾಪಸ್ ಬರುತ್ತದೆ. ಇನ್ನು ಸೆಲ್‌ಗಳು. ಮೂರೂ ಒಂದೇ ದಿನ, ಒಂದೇ ಬ್ಯಾಚಿನಿಂದ ತಂದರೆ ಒಟ್ಟಿಗೇ ಸಾಯುತ್ತವೆ. ಎರಡು ಕೆಟ್ಟ ಸೆಲ್ ಒಂದೇ ಸುಳ್ಳು ಹೇಳಿದರೆ ಯಂತ್ರ ಬಹುಮತಕ್ಕೆ ತಲೆಬಾಗಿ ಸರಿಯಿರುವ ಮೂರನೆಯದನ್ನೇ ದೂರ ಇಡುತ್ತದೆ. ಸರದಿಯಲ್ಲಿ ಬದಲಿಸು. ವಯಸ್ಸನ್ನು ಕೊಂಡ ದಿನದಿಂದಲ್ಲ, ತಯಾರಾದ ತಾರೀಖಿನಿಂದ ಎಣಿಸು.

ಮುಂದೆ ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ ಇದೆ ಅಂತ ಅಕ್ಕ ಹೇಳಿದಳು. ನಿಜವಾದರೆ ಈಗ ಕೊಳ್ಳಲೇಬೇಡ. ನೇತ್ರಾಣಿಯ ನೀರಿಗೆ ಇದು ಬೇಕಿಲ್ಲ. ಸೆಲ್, ಪುಡಿ, ಸರ್ವಿಸ್ ಎಲ್ಲಕ್ಕೂ ಹೊರದೇಶದ ದಾರಿ ಕಾಯುತ್ತ ಕೂತರೆ ಹಳೇ ಸೆಲ್ಲಿನಲ್ಲೇ ಇಳಿಯುವ ಮನಸ್ಸಾಗುತ್ತದೆ. ಅಟ್ಲಾಂಟಾದಲ್ಲೇ ಇರುವುದಾದರೆ ಇಲ್ಲಿಗೆ ಒಂದು ದಿನದ ಡ್ರೈವ್. ಮೊದಲು ಗುರುವನ್ನು ಹುಡುಕು, ಅವನು ಗುಹೆಯಲ್ಲಿ ದಿನಾ ಬಳಸುವ ಯಂತ್ರ ಯಾವುದೋ, ನಿನ್ನ ಜೊತೆ ಇಳಿಯುವವರದ್ದು ಯಾವುದೋ ನೋಡು. ಈ ವರ್ಷ ಯಾರನ್ನಾದರೂ ಫೇಲ್ ಮಾಡಿದ್ದೀರಾ ಎಂದು ಅವನನ್ನು ಕೇಳು. ಇಲ್ಲ ಎಂದರೆ ಬೇರೆಯವನನ್ನು ನೋಡು. ಮೊದಲ ಕೋರ್ಸ್ ಆದ ಮೇಲೆ ತೆರೆದ ನೀರಿನಲ್ಲೇ ಗಂಟೆಗಳು ಕೂಡಲಿ, ಗುಹೆಯ ರಿಬ್ರೀದರ್ ಕೋರ್ಸ್ ಬೇರೆಯೇ ಇದೆ.

ಡಿಸೆಂಬರ್ ರಜೆಗೆ ಬಾ. ನನ್ನ ಯಂತ್ರ ಬಿಚ್ಚಿ ಹರಡುತ್ತೇನೆ, ಚೆಕ್‌ಲಿಸ್ಟ್ ಕೈಯಲ್ಲಿ ಹಿಡಿದು ನೀನೇ ಜೋಡಿಸು. ಆಮೇಲೂ ಆಸೆ ಉಳಿದಿದ್ದರೆ ಡೆಪಾಸಿಟ್ ಕಟ್ಟು. ಅಕ್ಕನಿಗೂ ಭಾವನಿಗೂ ಈ ವಿಷಯ ನೀನೇ ಹೇಳಬೇಕು, ನಾನು ಹೇಳುವುದಿಲ್ಲ.

ಇಂತಿ ನಿನ್ನ ಪ್ರೀತಿಯ,
ಚಿಕ್ಕಮ್ಮ